ರಸೀದಿ ಮೊಹರು

ಸಾಲ್ಮಿಯಾದ ಆ ವಿಲ್ಲಾಕ್ಕೆ ಶಿಲುಬೆ ಇರಲಿಲ್ಲ, ಗಂಟೆಯೂ ಇಲ್ಲ.
ಹೊರಗಿನಿಂದ ನೋಡಿದರೆ ಯಾರದೋ ಬಾಡಿಗೆ ಮನೆ.
ಒಳಗೆ ಪ್ಲಾಸ್ಟಿಕ್ ಕುರ್ಚಿ, ಮೊಣಕಾಲಿಗೆ ತೆಳು ಚಾಪೆ,
ನೀರಿನ ಕೂಲರಿನ ಪಕ್ಕ ಸಂತ ಅಂತೋನಿ.
ನಾವು ಮಾತ್ರ ಇಗರ್ಜಿ ಎಂದೇ ಕರೆಯುತ್ತಿದ್ದೆವು.

ಬೋನಿಫಾಸ್ ಪಾದ್ರಿ ಸಂತರೇನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಪ್ರಸಂಗ ಉದ್ದ. ಸಿಟ್ಟು ಮೂಗಿನ ತುದಿಯಲ್ಲಿ.
ಸಕ್ಕರೆ ಕಾಯಿಲೆ; ಆದರೂ ಖರ್ಜೂರ ಕದ್ದು ತಿನ್ನುವರು,
ನಿಲುವಂಗಿ ಒಗೆಯುವಾಗ ಜೇಬಿನ ಬೀಜಗಳಿಂದ ಸಿಕ್ಕಿಬೀಳುವರು.

ಆಗಸ್ಟ್ ಎರಡು, ಗುರುವಾರ,
ಹಾಲು ತರಲು ಹೋದವಳು ಟ್ಯಾಂಕು ನೋಡಿ ಬಂದೆ.
ಯಜಮಾನರು ರಜೆಗೆಂದು ಲಂಡನ್ನಿನಲ್ಲಿ.
ನನ್ನ ಪಾಸ್‌ಪೋರ್ಟು ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ,
ಪೆಟ್ಟಿಗೆಯ ಕೀಲಿಯೂ ಲಂಡನ್ನಿನಲ್ಲಿ.
ನಾನೊಬ್ಬಳು ಇಲ್ಲಿ,
ಫ್ರಿಜ್ಜಿನಲ್ಲಿ ಅವರ ಮಗುವಿನ ಹುಟ್ಟುಹಬ್ಬದ ಅರ್ಧ ಕೇಕು.

ವಿಲ್ಲಾದಲ್ಲಿ ನನ್ನಂಥವರೇ ತುಂಬಿದ್ದರು:
ಸೆರಗಿನಲ್ಲಿ ಬಳೆ ಗಂಟುಕಟ್ಟಿದ ಆಯಾಗಳು,
ಕತ್ತರಿ ಬಿಟ್ಟು ಬೇರೇನೂ ತಾರದ ಭಟ್ಕಳದ ದರ್ಜಿ ಜುಬೇರ್ ದಾಮದಾ,
ದೋಣಿ ಕಳೆದುಕೊಂಡ ಗಂಗೊಳ್ಳಿಯ ಮಂಜು ಖಾರ್ವಿ.
ಕುರ್ಚಿ ಒಟ್ಟಿ ನೆಲದಲ್ಲಿ ಮಲಗಿದೆವು. ಖುಬ್ಬೂಸಿಗೆ ಸರತಿ ನಿಂತೆವು.
ಗುಂಡಿನ ಸದ್ದಿಗೆ ಮೊದಲು ಮೇಜಿನಡಿ ನುಗ್ಗಿದವರು ಪಾದ್ರಿಗಳೇ;
ಹೊರಬಂದು "ಚಪ್ಪಲಿ ಹುಡುಕುತ್ತಿದ್ದೆ" ಅಂದರು.
ಯಾರೂ ನಗಲಿಲ್ಲ. ರಾತ್ರಿ ತೇರ್ಸ ಹೇಳುವಾಗ
ಅವರೇ ನಕ್ಕರು, ಮೂರನೆಯ ರಹಸ್ಯದ ನಡುವೆ.

ಬಸ್ಸು ಬಸ್ರಾಕ್ಕೆ, ಬಾಗ್ದಾದಿಗೆ, ಅಮ್ಮಾನಿಗೆ, ಅಲ್ಲಿಂದ ವಿಮಾನ ಎಂದರು.
ಕಾಗದವಿಲ್ಲದವರು ಏನು ತೋರಿಸುವುದು?
ಪಾದ್ರಿಗಳು ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆಗೆದು
ಖಾಲಿ ಹಾಳೆಗಳನ್ನು ಹರಿದರು.
ಮೊದಲನೆಯದಕ್ಕೆ ಅರೆಗಳಿಗೆ ಕೈ ತಡೆದದ್ದು ನಾನು ನೋಡಿದ್ದೇನೆ.
ಹೆಸರು, ಊರು, ತಂದೆಯ ಹೆಸರು, ಗುರುತಿನ ಮಚ್ಚೆ,
ಕೆಳಗೆ ಒಂದೇ ಸಾಲು: ಇವರನ್ನು ನಾನು ಬಲ್ಲೆ.

"ನನ್ನನ್ನು ಬಲ್ಲಿರಾ, ಫಾದರ್?" ಜುಬೇರ್ ಕೇಳಿದ.
"ನಾಲ್ಕು ರಾತ್ರಿಯಿಂದ ನಿನ್ನ ಗೊರಕೆ ಬಲ್ಲೆ. ಸಾಕು."

ದೊಡ್ಡ ಮೊಹರು ಬೀರುವಿನೊಳಗೆ,
ಬೀರುವಿನ ಕೀಲಿ ಓಡಿಹೋದ ಗುಮಾಸ್ತನ ಸೊಂಟದಲ್ಲಿ.
ಸಿಕ್ಕಿದ್ದು ರಸೀದಿಯ ಮೊಹರು,
ತೆನೆಹಬ್ಬದ ವಂತಿಗೆಗೆ ಒತ್ತುವುದು, ಉರುಟಾದ್ದು,
ನಡುವೆ ಇಂಗ್ಲಿಷಿನಲ್ಲಿ 'ಪೇಯ್ಡ್'.
ಶಾಯಿ ಒಣಗಿತ್ತು. ಕಾರ್ಮಿನ್ ಬಾಯಿ ಬೀಟ್‌ರೂಟು ತುರಿದು ಹಿಂಡಿದಳು.
ಇನ್ನೂರ ಹದಿನಾಲ್ಕು ಸಲ ಒತ್ತಿದರು.
ನನ್ನ ಸರದಿಗೆ ಕೈ ಜಾರಿ ಅರ್ಧ ಮಾತ್ರ ಮೂಡಿತು.
"ನಿನ್ನದು ಬಾಕಿ ಇದೆ, ಸೆವ್ರಿನ್" ಅಂದರು,
ಮತ್ತೆ ಒತ್ತಲಿಲ್ಲ.

ಗಡಿಯಲ್ಲಿ ಇನ್ನೂ ಮೀಸೆ ಮೂಡದ ಒಬ್ಬ ಸಿಪಾಯಿ
ಕಾಗದವನ್ನು ತಲೆಕೆಳಗಾಗಿ ಹಿಡಿದ.
ಮುದ್ರೆಯ ಮೇಲೆ ಬೆರಳಾಡಿಸಿದ, ಬೆರಳು ಕೆಂಪಾಯಿತು.
ಪ್ಯಾಂಟಿಗೆ ಒರೆಸಿಕೊಂಡು, "ಯಲ್ಲಾ."

ಪಾದ್ರಿಗಳು ಬಸ್ಸು ಹತ್ತಲಿಲ್ಲ. ಮುಂದಿನದಕ್ಕೆ ಬರುತ್ತೇನೆ ಎಂದರು.
ಆಸ್ಪತ್ರೆಯಲ್ಲಿ ಅಲುಗಾಡಲಾಗದ ಗೋವಾದ ಮುದುಕನೊಬ್ಬ ಇದ್ದನಂತೆ.
ಅಥವಾ ಮರಳುಗಾಡಿನ ದಾರಿಯ ಹೆದರಿಕೆಯೇ ಇರಬಹುದು,
ನಾನು ಕೇಳಲಿಲ್ಲ.
ಕಿಟಕಿಯಿಂದ ನೋಡಿದರೆ ಖರ್ಜೂರ ಜಗಿಯುತ್ತಿದ್ದರು,
ಈಗ ಎಲ್ಲರೆದುರೇ.

ಏಪ್ರಿಲ್ ಕೊನೆಗೆ, ಯಾರದೋ ಕೈಯಲ್ಲಿ, ಪಾಂಬೂರಿಗೆ ಪತ್ರ ಬಂತು.
ಲಕೋಟೆಯ ಮೇಲೆ ಮಸಿ, ಮೂಸಿದರೆ ಎಣ್ಣೆ.
ಬಾವಿಗಳು ಉರಿಯುತ್ತಿವೆ, ನಡುಹಗಲಿಗೂ ದೀಪ ಹಚ್ಚಿ ಪೂಜೆ.
ಗೋವಾದ ಮುದುಕ ಕ್ರಿಸ್ಮಸ್ಸಿಗೆ ಮೂರು ದಿನವಿರುವಾಗ ತೀರಿಕೊಂಡ.
ಜುಬೇರ್ ಮನೆ ಸೇರಿದನೇ? ಮಂಜುವಿಗೆ ಹೊಸ ದೋಣಿ ಸಿಕ್ಕಿತೇ?
ಆಮೇಲೆ ಒಂದು ಪಟ್ಟಿ:
ಸಕ್ಕರೆಯ ಗುಳಿಗೆ, ಓದುವ ಕನ್ನಡಕ, ಮೊಹರಿಗೆ ಶಾಯಿ ಪ್ಯಾಡು.
ನೇರಳೆ ಸಿಕ್ಕಿದರೆ ಒಳ್ಳೆಯದು.
ಕೆಂಪು ಬೇಡ.