ಐದು ವ್ಯಾಟ್

ಎರಡು ಸಾವಿರದ ಮುನ್ನೂರು ಕೊಟ್ಟು
ಒಂದು ಕೆಮ್ಮು ತಂದಿರಿ, ಅನ್ನುತ್ತಾಳೆ ಸಿದ್ದಗಂಗಮ್ಮ.
ತಪ್ಪೇನಿಲ್ಲ. ಬಿಚ್ಚಿಟ್ಟರೆ ದಿನವಿಡೀ ಖರ್ರ್ ಅನ್ನುತ್ತೆ,
ಗಿರಣಿಯ ಮೋಟಾರು ಶುರುವಾದರಂತೂ ಉಬ್ಬಸ.
ಗುಂಡಿ ಮುಟ್ಟಿದರೆ ಒಳಗಿಂದ ಚೀನಾದ ಹೆಂಗಸೊಬ್ಬಳು
ಫ್ರೀಕ್ವೆನ್ಸಿ ಮೋಡ್! ಎಂದು ಗದರುತ್ತಾಳೆ,
ಲೆಕ್ಕದ ಮೇಷ್ಟ್ರ ಹಾಗೆ, ಪ್ರತಿ ಸಲವೂ.

ನೆತ್ತಿಯಲ್ಲೊಂದು ಪುಟ್ಟ ದೀಪ.
ಹಾಗಾಗಿ ನಮ್ಮ ಮನೆಯಲ್ಲಿ ಇದರ ಹೆಸರು ಟಾರ್ಚ್.
ಕರೆಂಟ್ ಹೋದರೆ ಕೋಳಿ ಎಣಿಸಲು ಒಯ್ಯುತ್ತಾಳೆ,
ರಬ್ಬರ್ ಏರಿಯಲ್ ಹಿಡಿದು,
ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದಂತೆ.

ಪರೀಕ್ಷೆ ಬರೆದದ್ದು ನಲವತ್ತೊಂಬತ್ತಕ್ಕೆ,
ಮೀಸೆ ಮೂಡದ ಹುಡುಗರ ನಡುವೆ.
ಓಮನ ನಿಯಮ ಕಲಿತದ್ದು
ರಾಗಿ ಚೀಲದ ಮೇಲೆ ಸೀಮೆಸುಣ್ಣದಲ್ಲಿ.
ಹಿಟ್ಟು ಮೆತ್ತಿದ ಈ ಕೈಗೆ ಸರ್ಕಾರ ಒಂದು ಹೆಸರು ಕೊಟ್ಟಿತು:
ವಿಯು ತ್ರೀ, ಆಮೇಲೆ ಮೂರಕ್ಷರ.
ಅಪ್ಪ ಇಟ್ಟದ್ದಕ್ಕಿಂತ ಚಿಕ್ಕದು,
ಯಾರ ಉದ್ರಿ ಪುಸ್ತಕದಲ್ಲೂ ಇಲ್ಲ.

ನಿಯಮಗಳಿವೆ. ಗಾಳಿಯಲ್ಲಿ ವ್ಯಾಪಾರ ಆಡುವಂತಿಲ್ಲ,
ಗುಟ್ಟು ಆಡುವಂತಿಲ್ಲ, ಹೆಸರು ಮುಚ್ಚಿ ಆಡುವಂತಿಲ್ಲ.
ಇಷ್ಟೆಲ್ಲ ತೆಗೆದರೆ ಮಾತಿನಲ್ಲಿ ಉಳಿಯುವುದೇನು?
ಜರಡಿಯ ಮೇಲಿನ ತೌಡು:
ಕೇಳಿಸ್ತಾ ಇದೆಯಾ.
ಕೇಳಿಸ್ತಾ ಇದೆ.

ತೊಂದರೆ ರೇಡಿಯೋದಲ್ಲ, ಕಲ್ಲಿನದು.
ಮಧುಗಿರಿಯಲ್ಲಿ ಯಾವ ಕಿಟಕಿ ತೆಗೆದರೂ ಅದೇ ಕಲ್ಲು,
ನನ್ನ ಬೀದಿ ಅದರ ನೆರಳಿನ ತಳದಲ್ಲಿ.
ಈ ಅಲೆಗೆ ಬಳಸಿ ಹೋಗಲು ಬಾರದು,
ಕಣ್ಣು ಹೋದಲ್ಲಿಗಷ್ಟೇ ದನಿ.
ನನ್ನ ಐದು ವ್ಯಾಟನ್ನು ಕಲ್ಲು ನುಂಗುತ್ತೆ,
ತೇಗುವುದೂ ಇಲ್ಲ.

ಆದರೂ ಸಂಜೆ ಆರಕ್ಕೆ, ಅದರ ಅಂಚು ಸವರಿಕೊಂಡು,
ಸಿರಾದಿಂದ ಒಬ್ಬರು ಬರುತ್ತಿದ್ದರು.
ದೊಡ್ಡ ಸೆಟ್ಟು, ಮಾಳಿಗೆ ಮೇಲೆ ಎತ್ತರದ ಕಂಬ ಇರಬೇಕು.
ಹೆಸರು ಖಲಂದರ್, ಯಾರಾದರೂ ಇದ್ದೀರಾ.
ಎರಡು ನಿಮಿಷ ಬಿಡುವರು. ಮತ್ತೆ: ಯಾರಾದರೂ.
ಇದ್ದೀನಿ ಸ್ವಾಮಿ, ಇದ್ದೀನಿ, ಅಂತ ಗುಂಡಿ ಒತ್ತಿ ಕೂಗುವೆ;
ಪಕ್ಕದ ಮನೆಯ ತಿಮ್ಮರಾಯಪ್ಪ ಓಗೊಡುವನು.
ಹತ್ತು ಸಂಜೆ ಹೀಗೆ.
ಹನ್ನೊಂದನೆಯ ಸಂಜೆ ಅವರು ಒಂದೇ ಸಲ ಕೂಗಿದರು.

ಮರುದಿನ ಗಿರಣಿಗೆ ಬೀಗ, ಮಂಡಿಗೆ ಎಣ್ಣೆ.
ಕಂಬಿ ಹಿಡಿದು, ಕೂತು, ಎದ್ದು, ಮತ್ತೆ ಕೂತು,
ಕೋತಿಗಳಿಂದ ಏರಿಯಲ್ಲನ್ನು ಅಂಗಿಯೊಳಗೆ ಅಡಗಿಸಿ,
ಬಾಗಿಲೊಂದು ದಾಟಿ, ಇನ್ನೊಂದು ದಾಟಿ,
ಕಲ್ಲು ಸರಿದು ಆಕಾಶ ಮಗ್ಗುಲಿಗೆ ಬರುವವರೆಗೂ.
ಆರಕ್ಕೆ ಖಲಂದರ್ ಕೂಗಿದರು.
ಒತ್ತಿದೆ. ಹೇಳಿದೆ. ಬಿಟ್ಟೆ.

ಬಿಡುವುದೇ ಕಷ್ಟ.
ಒತ್ತಿರುವಷ್ಟು ಹೊತ್ತು ನೀನು ಕಿವುಡ.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ
ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಯಾರದು? ಹೇಳಿ, ಹೇಳಿ, ಗಂಟೆ ಹೊಡೆದಂಗೆ ಬರ್ತಿದೀರಿ!
ನನ್ನ ನಾಲಿಗೆ ಒಣಗಿತು.
ಇವತ್ತು ಗಿರಣಿ ರಜ, ಅಂದೆ.
ಇಲ್ಲಿ ಗಾಳಿ ಜಾಸ್ತಿ, ಅಂದರು. ನಿಮ್ಮ ಕಡೆ?
ಇಲ್ಲೂ ಗಾಳಿ.
ಬ್ಯಾಟರಿ ಒಂದು ಗೆರೆ ಇಳಿಯುವವರೆಗೂ
ಗಾಳಿಯನ್ನೇ ಆಡಿದೆವು.

ಇಳಿಯುವಾಗ ಕತ್ತಲು. ಕಾವಲಿನವನು ಕೆಳಗಿಂದ ಬೈಯುತ್ತಿದ್ದ.
ನೆತ್ತಿಯ ದೀಪ ಹಚ್ಚಿ, ಕುಂಡಿ ಊರಿಕೊಂಡು,
ಒಂದೊಂದೇ ಮೆಟ್ಟಿಲು.

ಮನೆಗೆ ಬಂದರೆ ಸಿದ್ದಗಂಗಮ್ಮ ಇನ್ನೂ ಮಾಳಿಗೆ ಮೇಲೆ.
ಕೋಳಿ ಎಣಿಸಿರಲಿಲ್ಲ.
ಮಿಣಕ್ ಮಿಣಕ್ ಅಂತ ಬರ್ತಿತ್ತು, ನಡುವೆ ಒಂದು ಕಡೆ
ತುಂಬ ಹೊತ್ತು ನಿಂತಿತು. ಬಿದ್ದಿರಾ?
ಇಲ್ಲ, ಉಸಿರು ತಗೊಂಡೆ.
ಹೂಂ, ಅಂದಳು. ಕೈಯಿಂದ ಕಿತ್ತುಕೊಂಡು
ಗೂಡಿನ ಕಡೆ ನಡೆದಳು.

ಬೆರಳು ಎಲ್ಲಿ ತಗುಲಿತೋ,
ಫ್ರೀಕ್ವೆನ್ಸಿ ಮೋಡ್! ಅಂತ ಕತ್ತಲಲ್ಲಿ ಗದರಿದಳು ಅವಳು.
ಸುಮ್ನಿರೇ, ಅಂದಳು ಇವಳು,
ಏಳು, ಎಂಟು, ಒಂಬತ್ತು.