ಹಿತ್ತಾಳೆ ಕಿವಿ

ಫ್ರೋಯ ದ್ವೀಪ. ಸಾಲ್ಮನ್ ಕಾರ್ಖಾನೆ. ರಾತ್ರಿ ಪಾಳಿ.
ಬೆಲ್ಟು ನಿಂತಿದ್ದರೆ ಮೀನು ನಾಲ್ಕು ಕಿಲೋ ಇನ್ನೂರು;
ಮೋಟರು ವೇಗ ಹಿಡಿದರೆ
ಅದೇ ಮೀನು, ಸತ್ತ ಮೇಲೂ, ಅರ್ಧ ಕಿಲೋ ಬೆಳೆಯುತ್ತದೆ.

ತೂಗುವವಳು ನಾನು, ಲಿಥುವೇನಿಯದವಳು.
ಊಟದ ಕೋಣೆಗೆ ಕಾಲಿಟ್ಟರೆ
ಬಾಯಿಗಳು ನಿಂತು ಚಮಚಗಳು ಮಾತಾಡುತ್ತಿದ್ದವು.
‘ದಾನುತೆಯದೇ ಕೈ’ ಎಂದರಂತೆ ಯಾರೋ.

ಮೂರನೆಯ ರಾತ್ರಿ ಬಂದ ಎಲೆಕ್ಟ್ರಿಷಿಯನ್ ಅಸ್ಲಾಕ್
ತಕ್ಕಡಿಯನ್ನು ಮುಟ್ಟಲೇ ಇಲ್ಲ.
ಇನ್ವರ್ಟರಿನ ಪೆಟ್ಟಿಗೆ ತೆರೆದು ಟಾರ್ಚು ಹಿಡಿದ:
ಕೇಬಲ್ಲಿನ ತಾಮ್ರದ ಬಲೆಯನ್ನು ಹೊಸೆದು, ಜಡೆ ಹಾಕಿ,
ಒಂದೇ ತಿರುಪಿಗೆ ಕಟ್ಟಿದ್ದರು.
ಸೆಕೆಂಡಿಗೆ ಎಂಟು ಸಾವಿರ ಸಲ ಬಡಿಯುವ ವಿದ್ಯುತ್ತಿನ ಗದ್ದಲ
ಅಷ್ಟು ಸಣ್ಣ ಜಡೆ ಹಿಡಿದು ನೆಲಕ್ಕಿಳಿದೀತೆ?
ಗಾಳಿಮಾತಾಯಿತು.
ನನ್ನ ತಕ್ಕಡಿಗೋ ಹಿತ್ತಾಳೆ ಕಿವಿ.

ಜಡೆ ಕತ್ತರಿಸಿದ.
ಪೆಟ್ಟಿಗೆಯ ಬಣ್ಣ ಕೆರೆದು, ಬರಿಯ ಲೋಹಕ್ಕೆ
ಬಲೆಯನ್ನು ಸುತ್ತಲೂ ತಬ್ಬುವ ಪಟ್ಟಿ ಬಿಗಿದ.
ಅದೂ ಹಿತ್ತಾಳೆಯದೇ.

ಬೆಲ್ಟು ಓಡಿತು. ನಾಲ್ಕು ಕಿಲೋ ಇನ್ನೂರು.
ಇನ್ನೂ ಜೋರಾಗಿ ಓಡಿತು.
ಇನ್ನೂರೇ.

ಬೆಳಿಗ್ಗೆ ಮೇಲ್ವಿಚಾರಕ ‘ಕೇಬಲ್ ದೋಷ’ ಎಂದು ಬರೆದ;
ನನ್ನ ಹೆಸರು ಎಲ್ಲೂ ಬರೆಯಲಿಲ್ಲ, ಬೇಕಿತ್ತು.
ಚಮಚಗಳು ಇನ್ನೂ ಮಾತಾಡುತ್ತಿದ್ದವು.
ಸೂಪಿನ ಬಟ್ಟಲು ಹಿಡಿದು ಅಸ್ಲಾಕನೆದುರು ಕೂತು
ಟೊಪ್ಪಿ ತೆಗೆದೆ.
ನನ್ನ ಜಡೆ ನೋಡಿ
ಅವನಿಗೆ ನಗು ತಡೆಯಲಾಗಲಿಲ್ಲ.