ಗುಡ್ಡೆಗೊಂದು ಬಟ್ಟಲು

ಸಂತೆಕಟ್ಟೆಯ ಹಿಂದೆ ಗೂಡ್ಸು ರೈಲು ಹೋಗುವಾಗ
ಕಪಾಟಿನ ಚಮಚಗಳು ಸಣ್ಣಗೆ ಹಲ್ಲು ಕಡಿಯುತ್ತವೆ.
ಎದ್ದು ಕೂರುತ್ತೇನೆ. ಕತ್ತಲಲ್ಲಿ ಕಾಲು ಚಪ್ಪಲಿ ಹುಡುಕುತ್ತದೆ.
"ರೈಲು ಮಾರಾಯ್ತಿ, ಮಲಗು"
ಗೋಡೆಯಾಚೆಯಿಂದ ಅತ್ತಿಗೆ ಜುಸ್ತಿನಾ.
ಹನ್ನೊಂದು ವರ್ಷದ ಅಭ್ಯಾಸ,
ಬಿಡು ಎಂದರೆ ಬಿಡುತ್ತದೆಯೇ.

ಸಿಸಿಲಿಯಲ್ಲಿ, ಎಟ್ನಾದ ಬುಡದ ಒಂದು ಊರಿನಲ್ಲಿ
ಕೊಂಚೆತ್ತಾ ಎಂಬ ಮುದುಕಿಯ ಮೈ ಒರೆಸಿ, ಮಾತ್ರೆ ಎಣಿಸಿ
ಇಲ್ಲಿಯ ಸಾಲ ತೀರಿಸಿದವಳು ನಾನು:
ಅಣ್ಣನ ದೋಣಿಯ ಇಂಜಿನ್, ಬಾವಿಯ ಕಟ್ಟೆ, ಅಮ್ಮನ ಕಣ್ಣು.

ಅಲ್ಲಿ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ.
ಬರೇ ಗುಡ್ಡೆ. ಹೆಣ್ಣು ಗುಡ್ಡೆ.
"ಅವಳಿಗೆ ಇವತ್ತು ಕೆಮ್ಮು", "ರಾತ್ರಿ ಅವಳಿಗೆ ನಿದ್ದೆಯಿಲ್ಲ"
ನೆರೆಮನೆಯ ಬಾಣಂತಿಯ ಸುದ್ದಿ ಹೇಳಿದ ಹಾಗೆ.

ಎಲ್ಲರೂ ಕೇಳುವುದು ಬೆಂಕಿಯ ಕತೆ.
ನನಗೆ ನೆನಪಿರುವುದು ಗುಡಿಸಿದ್ದು.
ಕಪ್ಪು ಬೂದಿ, ನುಣುಪಲ್ಲ, ರವೆಯ ಹಾಗೆ ತರಿ ತರಿ,
ಒಣಹಾಕಿದ ಚಾದರದ ಮೇಲೆ, ನಿಂಬೆಯೆಲೆಯ ಮೇಲೆ,
ಪಾದ್ರಿಯವರ ಬೋಳುತಲೆಯ ಮೇಲೆ.
ಮಳೆಯಿಲ್ಲದ ದಿನ ಕೊಡೆ ಬಿಡಿಸಿ ಪೇಟೆಗೆ ಹೋಗುತ್ತಿದ್ದೆವು.
ಉಣ್ಣುವಾಗ ಹಲ್ಲಿಗೆ ಕಚಕ್ಕೆಂದರೆ
ಮರಳು ಹೋಗದ ಮರುವಾಯಿ ಸುಕ್ಕ ನೆನಪಾಗಿ ಅಳು ಬರುತ್ತಿತ್ತು.
ಊರಿಂದ ಒಯ್ದ ಹಿಡಿಸೂಡಿ
ಮೂರೇ ತಿಂಗಳಿಗೆ ಮೋಟಾಯಿತು.

ಒಂದು ರಾತ್ರಿ ಕಿಟಕಿ ಕೆಂಪಾಯಿತು.
ಮೇಲಿನ ದ್ರಾಕ್ಷಿತೋಟ ದಾಟಿದೆ, ಹೊರಡಿ, ಅರ್ಧ ಗಂಟೆ,
ಎಂದು ಪೊಲೀಸರು.
ನಾನು ಪಾಸ್‌ಪೋರ್ಟ್ ಹುಡುಕಿದೆ. ಕೊಂಚೆತ್ತಾ
ಕಸೂತಿಯ ಮೇಜುಬಟ್ಟೆ ಹುಡುಕಿದಳು.
ನೆಲ ಒರೆಸು ಎಂದಳು. ಒರೆಸಿದೆ,
ಕೊಂಕಣಿಯಲ್ಲಿ ಬೈಯುತ್ತ.
ಬಟ್ಟಲಿಟ್ಟಳು, ರೊಟ್ಟಿ, ಆಲಿವ್, ಲೋಟದ ತುಂಬ ವೈನು.
"ಅಷ್ಟು ದೂರದಿಂದ ನಡೆದು ಬರುತ್ತಾಳೆ,
ಹಸಿದಿರುತ್ತಾಳೆ."
ಬಾಗಿಲಿಗೆ ಬೀಗ ಹಾಕಲು ಬಿಡಲಿಲ್ಲ.

ಅವಳು ಬರಲಿಲ್ಲ.
ಎರಡು ತೋಟದಾಚೆ ಕೂತವಳು ಏಳಲೇ ಇಲ್ಲ.
ನಾಲ್ಕನೆಯ ದಿನ ಮರಳಿ ಬಂದು
ಕಲ್ಲಾಗಿದ್ದ ರೊಟ್ಟಿಯನ್ನು ವೈನಿನಲ್ಲಿ ಅದ್ದಿ
ನಾವೇ ತಿಂದೆವು.
ಕೊಂಚೆತ್ತಾಗೆ ಸ್ವಲ್ಪ ಬೇಸರ.

ಮೊನ್ನೆ ಅಣ್ಣನ ಮಕ್ಕಳು ಮಲ್ಪೆಯಿಂದ ದೋಣಿ ಹತ್ತಿಸಿ
ತೋನ್ಸೆಪಾರಿಗೆ ಕರೆದೊಯ್ದರು.
ಎಳವೆಯಿಂದ ದಡದಲ್ಲಿ ನಿಂತು ನೋಡಿದ್ದು,
ಬಲೆ ಒಣಗಿಸುವ ಕಲ್ಲು, ಅಷ್ಟೇ ಅಂದುಕೊಂಡಿದ್ದು.
ಆರಾರು ಮೂಲೆಯ ಕರಿ ಕಂಬಗಳು, ಒತ್ತೊತ್ತಾಗಿ,
ಒಲೆಯಿಂದ ಇಳಿಸಿಟ್ಟು ಯಾರೋ ಮರೆತು ಹೋದ ಹಾಗೆ.
ಅಂಗೈ ಇಟ್ಟೆ.
ಬಿಸಿಲಿನ ಬಿಸಿಯೇ ಇರಬೇಕು.
"ನೀನೂನಾ?" ಎಂದುಬಿಟ್ಟೆ, ಬಾಯಿತಪ್ಪಿ, ಇಟಾಲಿಯನ್ನಿನಲ್ಲಿ.

ಬುತ್ತಿಯಿಂದ ಒಂದು ನೀರುದೋಸೆ ತೆಗೆದು
ಬಾಳೆಲೆಯ ತುಂಡಿನಲ್ಲಿ ಕಂಬದ ತಲೆಯ ಮೇಲಿಟ್ಟೆ.
ಕಾವಲಿನ ಹುಡುಗ ಸೀಟಿ ಊದಿದ:
"ಅಮ್ಮಾ, ಇಲ್ಲಿ ಕಸ ಹಾಕುವ ಹಾಗಿಲ್ಲ!"

ಎತ್ತಿಕೊಂಡೆ.
ದೋಣಿಯಲ್ಲಿ ಕೂತು, ಕೊಡವಿ, ನಾನೇ ತಿಂದೆ.
ಹಲ್ಲಿಗೆ ಕಚಕ್ಕೆಂದಿತು.